ವಿಶೇಷ ಪ್ರಯೋಜನಕ್ಕೆ ವಿಶೇಷ ಚಿಹ್ನೆ ಬೇಕೆ? ಹಂಪಿ ಪರಿಸರದ ಬರಹಗಳ ಆಧಾರದಿಂದ ಒಂದು ವಿಚಾರ

ಗಣಕಯಂತ್ರಗಳಿಗೆ ಆಜ್ಞೆಗಳನ್ನು ಬರೆದುಕೊಡಲು ಏರ್ಪಟ್ಟಿರುವ ಪ್ರೋಗ್ರಾಮಿಂಗ್ ಭಾಷೆಗಳ ವಿಷಯದಲ್ಲಿ ಬಹುಕಾಲದಿಂದ ಒಂದು ವಾದ ನಡೆದುಬಂದಿದೆ. ಎಲ್ಲರೂ ಬಳಸುವ ಭಾಷೆಯೊಂದಕ್ಕೆ, ಕೆಲವರಿಗೆ ಮಾತ್ರ ಬೇಕಾಗುವ ಕೆಲಸಕ್ಕಾಗಿ ಹೊಸ ಚಿಹ್ನೆಯನ್ನೋ ಹೊಸ ವಾಕ್ಯವಿನ್ಯಾಸವನ್ನೋ ಸೇರಿಸಬಹುದೆ ಎಂಬುದು ಆ ವಾದದ ತಿರುಳು. ಸೇರಿಸಿದರೆ ಆ ಕೆಲವರ ಬರಹ ಚಿಕ್ಕದೂ ಸ್ಪಷ್ಟವೂ ಆಗುತ್ತದೆ. ಆದರೆ ಆ ಭಾಷೆಯನ್ನು ಕಲಿಯುವ, ಕಲಿಸುವ, ಇತರರು ಬರೆದುದನ್ನು ಓದಿ ತಿದ್ದುವ ಎಲ್ಲರ ಮೇಲೂ ಅದರ ಹೊರೆ ಬೀಳುತ್ತದೆ. ಇದು ಗಣಕತಜ್ಞರ ಮನೆಯ ಮಾತು, ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಪಾಲಿಲ್ಲ ಎಂದು ಅನೇಕರು ಭಾವಿಸಬಹುದು. ಪ್ರಸ್ತುತ ಲೇಖಕನಿಗೆ ಹಾಗೆ ತೋರುವುದಿಲ್ಲ. ಬರಹದ ವ್ಯವಸ್ಥೆಯೊಂದಕ್ಕೆ ವಿಶೇಷ ಚಿಹ್ನೆಗಳನ್ನು ಕೂಡಿಸುವುದು, ಕೂಡಿಸಲೊಲ್ಲದೆ ಬಿಡುವುದು, ಕೂಡಿಸಿಕೊಂಡು ಮತ್ತೆ ಕೈಬಿಡುವುದು ಇವೆಲ್ಲವನ್ನೂ ನಮ್ಮ ಲಿಪಿಕಾರರು ಸಾವಿರ ವರ್ಷಗಳಿಗೂ ಮಿಕ್ಕು ಮಾಡಿ ನೋಡಿದ್ದಾರೆ. ಅದರ ಫಲವೇನಾಯಿತೆಂಬುದು ಹಂಪಿ, ಹೊಸಪೇಟೆ, ಸಂಡೂರು, ಕಂಪ್ಲಿಗಳ ಸುತ್ತಿನ ಬರಹಗಳನ್ನು ಪರಿಶೀಲಿಸಿದರೆ ಬಹುಮಟ್ಟಿಗೆ ತಿಳಿದುಬರುತ್ತದೆ.

ವಾದದ ಸ್ವರೂಪವನ್ನು ಒಂದು ನಿದರ್ಶನದಿಂದ ತಿಳಿಯುವುದು ಒಳ್ಳೆಯದು. ೧೯೯೧ರಲ್ಲಿ ಹೊರಬಂದ ಪೈಥಾನ್ ಎಂಬ ಭಾಷೆ ಇಂದು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಲಿಸಲ್ಪಡುತ್ತಿದೆ. ಅದರಲ್ಲಿ ಗುಣಾಕಾರಕ್ಕೆ ನಕ್ಷತ್ರದಾಕಾರದ ಚಿಹ್ನೆಯೊಂದಿತ್ತು. ಆದರೆ ಗಣಿತದಲ್ಲಿ ಮಾತೃಕೆಗಳನ್ನು ಗುಣಿಸುವ ಕ್ರಮವೇ ಬೇರೆ. ಒಂದು ಪಂಥದವರು ಆ ನಕ್ಷತ್ರವನ್ನು ಬಿಡಿ ಸಂಖ್ಯೆಗಳ ಗುಣಾಕಾರಕ್ಕೂ ಇನ್ನೊಂದು ಪಂಥದವರು ಮಾತೃಕೆಗಳ ಗುಣಾಕಾರಕ್ಕೂ ಬಳಸುತ್ತ ಬಂದುದರಿಂದ, ಒಬ್ಬರು ಬರೆದುದನ್ನು ಮತ್ತೊಬ್ಬರು ತಪ್ಪಾಗಿ ಅರ್ಥಮಾಡಿಕೊಳ್ಳುವ ಸಂಭವ ಒದಗಿತು. ಕಡೆಗೆ ೨೦೧೪ರಲ್ಲಿ ಇದಕ್ಕೊಂದು ಪ್ರತ್ಯೇಕ ಚಿಹ್ನೆ ಬೇಕೆಂಬ ಸೂಚನೆ ಬಂದು, ೨೦೧೫ರಲ್ಲಿ ಪ್ರಕಟವಾದ ೩.೫ನೆಯ ಆವೃತ್ತಿಯಲ್ಲಿ, ಮಿಂಚಂಚೆಯ ವಿಳಾಸದಲ್ಲಿ ಬರುವ 'ಅಟ್' ಎಂಬ ಗುರುತನ್ನೇ ಅದಕ್ಕೆ ಗೊತ್ತುಮಾಡಿದರು. ಇದಕ್ಕೆ ಪ್ರತಿಯಾದ ಕಥೆಯೂ ಉಂಟು. 'ಸಿ' ಎಂಬ ಭಾಷೆಗೆ ೧೯೯೯ರ ಪ್ರಮಾಣಗ್ರಂಥದಲ್ಲಿ ಮಿಶ್ರಸಂಖ್ಯೆಗಳ ವಿಧಾನವನ್ನು ಸೇರಿಸಿ, ೨೦೧೧ರ ಪ್ರಮಾಣಗ್ರಂಥದಲ್ಲಿ ಅದನ್ನು ಐಚ್ಛಿಕವೆಂದು ಸಾರಿದರು. ಅಂದರೆ ಬೇಕಾದವರು ಇಟ್ಟುಕೊಳ್ಳಬಹುದು, ಬೇಡವಾದವರು ಬಿಡಬಹುದು.

ಈಗ ಹಂಪಿಗೆ ಬರೋಣ. ಮಹಾನವಮಿ ದಿಬ್ಬದ ಸಮೀಪದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ೧೯೮೦ರ ದಶಕದಲ್ಲಿ ಅಗೆದು ಹೊರತೆಗೆದ ಮೆಟ್ಟಿಲುಗಳ ಪುಷ್ಕರಿಣಿಯನ್ನು ನೋಡದೆ ಹಿಂದಿರುಗುವ ಪ್ರವಾಸಿಗಳು ಕಡಮೆ. ಕಪ್ಪು ಕಲ್ಲಿನ ಹಂತಗಳು ಅಳತೆ ತಪ್ಪದೆ ಇಳಿದುಹೋಗುವ ಸೊಬಗನ್ನು ಎಲ್ಲರೂ ಮೆಚ್ಚುತ್ತಾರೆ. ಆ ಕಲ್ಲುಗಳ ಮೇಲೆ ಕೊರೆದಿರುವ ಚಿಕ್ಕ ಅಕ್ಷರಗಳನ್ನು ಬಗ್ಗಿ ನೋಡುವವರು ವಿರಳ. ಅವು ಶಾಸನಗಳಲ್ಲ, ಅವುಗಳಲ್ಲಿ ರಾಜನ ಹೆಸರಿಲ್ಲ, ದಾನದ ಮಾತಿಲ್ಲ. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಆ ಸಾಲಿನಲ್ಲಿ ಇದರ ಸ್ಥಾನವೆಲ್ಲಿ ಎಂಬುದನ್ನು ಸಂಕ್ಷೇಪಾಕ್ಷರಗಳಿಂದಲೂ ಅಂಕೆಗಳಿಂದಲೂ ಸೂಚಿಸುವ ಕೆಲಸಗಾರರ ಗುರುತುಗಳು ಅವು. ಕಲ್ಲುಗಳನ್ನು ಬೇರೊಂದೆಡೆಯಲ್ಲಿ ಕಡೆದು ಸಿದ್ಧಪಡಿಸಿ ಇಲ್ಲಿಗೆ ತಂದು ಜೋಡಿಸಿರಬೇಕೆಂದು ವಿದ್ವಾಂಸರು ಹೇಳುವುದು ಮುಖ್ಯವಾಗಿ ಈ ಗುರುತುಗಳ ಬಲದಿಂದಲೇ.

ಇದನ್ನು ಒಂದು ಪುಟ್ಟ ಭಾಷೆಯೆಂದು ಕರೆದರೆ ಅತಿಶಯೋಕ್ತಿಯಾಗದು. ಒಂದು ಕಟ್ಟಡಕ್ಕೆ, ಒಂದು ಕೆಲಸದ ತಂಡಕ್ಕೆ ಮಾತ್ರ ಸಂಬಂಧಿಸಿದ ಭಾಷೆ. ಇಂಥದನ್ನು ಗಣಕತಜ್ಞರು ಕ್ಷೇತ್ರವಿಶೇಷದ ಭಾಷೆ ಎನ್ನುತ್ತಾರೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಈ ವಿಶೇಷ ಕೆಲಸಕ್ಕಾಗಿ ವಿಜಯನಗರದ ಕಲ್ಲುಕುಟಿಗರು ಕನ್ನಡ ವರ್ಣಮಾಲೆಗೆ ಒಂದು ಅಕ್ಷರವನ್ನೂ ಕೂಡಿಸಲಿಲ್ಲ. ಎಲ್ಲರೂ ಬಲ್ಲ ಅಕ್ಷರ, ಎಲ್ಲರೂ ಬಲ್ಲ ಅಂಕೆ. ಹೊಸದಾದುದು ಅವನ್ನು ಒಟ್ಟಿಗಿಟ್ಟ ಕ್ರಮವೊಂದೇ. ಕೊಳ ಮುಗಿದ ಮೇಲೆ ಆ ಭಾಷೆಯ ಕೆಲಸವೂ ಮುಗಿಯಿತು. ಅದನ್ನು ಅರಿಯದೆ ಹೋದುದರಿಂದ ಮುಂದಿನ ಯಾವ ಕನ್ನಡ ಓದುಗನಿಗೂ ತೊಂದರೆಯಾಗಲಿಲ್ಲ.

ವರ್ಣಮಾಲೆಯ ಒಳಕ್ಕೇ ಸೇರಿದ ವಿಶೇಷ ಚಿಹ್ನೆಗಳ ಗತಿ ಬೇರೆಯಾಯಿತು. ಕನ್ನಡ ಲಿಪಿಯು ಸಂಸ್ಕೃತದ ಬರವಣಿಗೆಗೂ ಒದಗಬೇಕಾಗಿದ್ದುದರಿಂದ, ಕನ್ನಡ ಮಾತಿಗೆ ಬೇಡವಾದ ಹಲವು ಅಕ್ಷರಗಳು ಮೊದಲಿನಿಂದಲೂ ಅದರಲ್ಲಿ ಕುಳಿತುವು. ಕಕಾರ ಖಕಾರಗಳ ಹಿಂದೆ ಬರುವ ವಿಸರ್ಗಕ್ಕೆ ಜಿಹ್ವಾಮೂಲೀಯವೆಂದೂ (ೱ) ಪಕಾರ ಫಕಾರಗಳ ಹಿಂದೆ ಬರುವ ವಿಸರ್ಗಕ್ಕೆ ಉಪಧ್ಮಾನೀಯವೆಂದೂ (ೲ) ಎರಡು ಪ್ರತ್ಯೇಕ ಗುರುತುಗಳಿರುವುದನ್ನು ಪ್ರಾಚೀನ ಶಾಸನಗಳನ್ನು ಓದಿದವರು ಬಲ್ಲರು. ಇದಕ್ಕಿಂತ ಕಿರಿದಾದ ಪ್ರಯೋಜನವುಳ್ಳ ಚಿಹ್ನೆಯನ್ನು ಊಹಿಸುವುದು ಕಷ್ಟ. ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಈ ಸಮಸ್ಯೆಯನ್ನು ನೇರವಾಗಿಯೇ ಎದುರಿಸಿದನು. ಸಂಸ್ಕೃತದ ಅಕ್ಷರಗಳಿಗೆ ಹ್ರಸ್ವ ಎಕಾರ ಒಕಾರಗಳು, ಱಕಾರ, ೞಕಾರ ಮೊದಲಾದ ಐದು ದೇಶೀಯ ಅಕ್ಷರಗಳನ್ನು ಕೂಡಿಸಿ, ಋಕಾರಾದಿಗಳು, ಶಷಗಳು, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯ ಮುಂತಾದ ಹತ್ತನ್ನು ಕಳೆದು, ಅಚ್ಚಕನ್ನಡದ ಅಕ್ಷರಗಳು ೪೭ ಎಂದು ನಿರ್ಣಯಿಸಿದನು. ಭಾಷೆಯ ತಿರುಳು ಯಾವುದು, ಅಂಚು ಯಾವುದು ಎಂದು ಲೆಕ್ಕಹಾಕಿ ಹೇಳಿದ ವೈಯಾಕರಣನ ಧೈರ್ಯ ಮೆಚ್ಚತಕ್ಕದ್ದು.

ಆದರೆ ಕೇಶಿರಾಜನ ಲೆಕ್ಕವನ್ನು ಕಾಲವು ಒಪ್ಪಲಿಲ್ಲ. ಅವನು ಕಳೆದ ಶಕಾರ ಷಕಾರಗಳು ಇಂದಿಗೂ ನಮ್ಮ ಬರಹದಲ್ಲಿವೆ. ಅವನು ಕೂಡಿಸಿದ ಱ, ೞ ಎರಡೂ ಹೋದುವು. ಸಂಡೂರಿನ ಬೆಟ್ಟದ ಮೇಲೆ ಪಾರ್ವತಿ, ಕುಮಾರಸ್ವಾಮಿ ದೇವಾಲಯಗಳು ಎದ್ದ ಬಾದಾಮಿ ಚಾಳುಕ್ಯ, ರಾಷ್ಟ್ರಕೂಟರ ಕಾಲದಲ್ಲಿ ಈ ಎರಡಕ್ಷರಗಳೂ ಕನ್ನಡದ ನಾಲಗೆಯ ಮೇಲೆ ಜೀವಂತವಾಗಿದ್ದುವು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಕೇಶಿರಾಜನ ಕಾಲಕ್ಕಾಗಲೇ ೞಕಾರದ ಉಚ್ಚಾರಣೆ ಸಡಿಲವಾಗಿದ್ದಿತು. ಇಲ್ಲದಿದ್ದರೆ ಯಾವ ಯಾವ ಶಬ್ದಗಳಲ್ಲಿ ಅದು ಬರುತ್ತದೆಂದು ಪಟ್ಟಿಮಾಡಿ ತೋರಿಸುವ ಶ್ರಮವನ್ನು ಅವನು ವಹಿಸುತ್ತಿರಲಿಲ್ಲ. ಱಕಾರವು ಇನ್ನೂ ಕೆಲವು ಶತಮಾನ ಉಳಿದು, ವಿಜಯನಗರದ ಕಾಲದಲ್ಲಿ ರಕಾರದೊಡನೆ ಬೆರೆತುಹೋಗುತ್ತ ಬಂದಿತು. ಒಮ್ಮೆ ಎಲ್ಲರಿಗೂ ಬೇಕಾಗಿದ್ದ ಅಕ್ಷರ, ಮಾತು ಬದಲಾದಂತೆಲ್ಲ ಪಂಡಿತರಿಗೆ ಮಾತ್ರ ಬೇಕಾದ ಅಕ್ಷರವಾಯಿತು. ವಿಶೇಷ, ಸಾಮಾನ್ಯ ಎಂಬ ಭೇದವು ಸ್ಥಿರವಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ಮಹಾಪ್ರಾಣಗಳ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ, ಡಿ. ಎನ್. ಶಂಕರ ಭಟ್ಟರು 'ಕನ್ನಡ ಬರಹವನ್ನು ಸರಿಪಡಿಸೋಣ' (೨೦೦೫) ಎಂಬ ಗ್ರಂಥದಲ್ಲಿ ಎತ್ತಿದ ಪ್ರಶ್ನೆ ಈ ವಾದದ್ದೇ ಒಂದು ಕವಲು ಎಂದು ಹೇಳಿದರೆ ಸಾಕು.

ನೆರೆಯ ತಮಿಳಿನವರು ಬೇರೊಂದು ದಾರಿಯನ್ನು ಹಿಡಿದರು. ಕಂಪ್ಲಿಯ ಹೆಸರು ಹನ್ನೊಂದನೆಯ ಶತಮಾನದ ಚೋಳ ರಾಜಾಧಿರಾಜನ ತಮಿಳು ಪ್ರಶಸ್ತಿಗಳಲ್ಲಿ ಬರುತ್ತದೆ. ಕಂಪಿಲಿಯಲ್ಲಿದ್ದ ಚಾಳುಕ್ಯರ ಅರಮನೆಯನ್ನು ಕೆಡವಿದೆನೆಂಬುದು ಅವನ ಹೆಗ್ಗಳಿಕೆಗಳಲ್ಲೊಂದು. ಆ ಕಾಲದ ಚೋಳ ಶಾಸನಗಳ ಲಿಪಿಯನ್ನು ಗಮನಿಸಿದರೆ, ತಮಿಳು ಮಾತು ತಮಿಳು ಅಕ್ಷರಗಳಲ್ಲಿಯೂ, ನಡುವೆ ಬರುವ ಸಂಸ್ಕೃತ ಶಬ್ದಗಳು ಗ್ರಂಥಾಕ್ಷರಗಳಲ್ಲಿಯೂ ಇರುವುದು ಕಾಣುತ್ತದೆ. ತಮಿಳು ವರ್ಣಮಾಲೆಯಲ್ಲಿ ಕಖಗಘಗಳಿಗೆ ಒಂದೇ ಅಕ್ಷರ. ಸಂಸ್ಕೃತವನ್ನು ಅದರಲ್ಲಿ ನಷ್ಟವಿಲ್ಲದೆ ಬರೆಯುವುದು ಅಸಾಧ್ಯ. ಆದರೂ ಅವರು ತಮ್ಮ ವರ್ಣಮಾಲೆಯನ್ನು ಹಿಗ್ಗಿಸದೆ, ಆ ಕೆಲಸಕ್ಕೆ ಮತ್ತೊಂದು ಲಿಪಿಯನ್ನೇ ಪಕ್ಕದಲ್ಲಿ ಇರಿಸಿಕೊಂಡರು. ನಾವು ಎಲ್ಲವನ್ನೂ ಒಂದೇ ಮನೆಯೊಳಕ್ಕೆ ಕರೆದೆವು. ಅವರು ಅತಿಥಿಗಳಿಗೆ ಬೇರೆ ಮನೆಯನ್ನು ಕಟ್ಟಿಸಿದರು.

ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಈ ಎರಡನೆಯ ಕ್ರಮದ ಒಂದು ಸುಂದರವಾದ ರೂಪವಿದೆ. ಪಟದ ಮೈತುಂಬ ಸಂಸ್ಕೃತ ಶ್ಲೋಕಗಳು, ಲಿಪಿ ನಂದಿನಾಗರಿ. ಕಡೆಯಲ್ಲಿ ಮಾತ್ರ ಅರಸನ ಅಂಕಿತವಾಗಿ 'ಶ್ರೀ ವಿರೂಪಾಕ್ಷ' ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಇರುತ್ತದೆ. ನಂದಿನಾಗರಿಯನ್ನು ಓದಲಾರದ ಗ್ರಾಮದ ಹಿರಿಯನೂ ಅಂಕಿತವನ್ನು ಕಂಡು ಇದು ಹಂಪಿಯ ದೈವದ ಹೆಸರಿನಲ್ಲಿ ಆದ ದಾನವೆಂದು ತಿಳಿಯಬಲ್ಲವನಾಗಿದ್ದನು. ಶ್ಲೋಕವನ್ನು ಓದಬೇಕಾದವನು ಪಂಡಿತ, ಅಂಕಿತವನ್ನು ಗುರುತಿಸಬೇಕಾದವರು ಎಲ್ಲರೂ. ದಾನಕೊಟ್ಟ ಭೂಮಿಯ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನೆಡುತ್ತಿದ್ದುದಕ್ಕೂ ಕಾರಣ ಇದೇ; ಅದನ್ನು ಓದಲು ಅಕ್ಷರಜ್ಞಾನವೇ ಬೇಕಾಗಿರಲಿಲ್ಲ. ಯಾರು ಓದಬೇಕೋ ಅವರಿಗೆ ತಕ್ಕ ಚಿಹ್ನೆ ಎಂಬ ವಿವೇಕ ಆ ಆಡಳಿತದಲ್ಲಿದ್ದಿತು ಎಂಬುದರಲ್ಲಿ ಸಂದೇಹವಿಲ್ಲ.

ಇನ್ನು ಲೆಕ್ಕಪತ್ರಗಳ ಮಾತು. ಹೊಸಪೇಟೆ, ಕಂಪ್ಲಿಗಳ ಗದ್ದೆಗಳಿಗೆ ನೀರುಣಿಸುವ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆ, ಕಂಪ್ಲಿ ಕಾಲುವೆ ಮುಂತಾದುವು ವಿಜಯನಗರದ ಕಾಲದಿಂದ ಬಂದವು. ನೀರಾವರಿಯ ನೆಲದಲ್ಲಿ ಭತ್ತವನ್ನೂ ಕಬ್ಬನ್ನೂ ಬೆಳೆಯುವ ಕಡೆ ಪಾಲು, ತೆರಿಗೆ, ಬಾಕಿಗಳ ಲೆಕ್ಕ ಸೂಕ್ಷ್ಮವಾಗಿರಲೇಬೇಕು. ಕನ್ನಡನಾಡಿನ ಶಾನುಭೋಗರು ಕಪ್ಪು ಲೇಪದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಬರೆಯುತ್ತಿದ್ದ ಲೆಕ್ಕಗಳಲ್ಲಿ ಭಿನ್ನರಾಶಿಗಳಿಗೆ ಪ್ರತ್ಯೇಕ ಗೀಟುಗಳಿದ್ದುವು. ಕಾಲು, ಅರೆ, ಮುಕ್ಕಾಲುಗಳಿಗೆ ಒಂದು ಬಗೆಯ ಗೀಟು. ಅದರ ಕಾಲುಭಾಗವಾದ ವೀಸಗಳಿಗೆ, ಅಂದರೆ ಹದಿನಾರನೆಯ ಒಂದು ಪಾಲುಗಳಿಗೆ, ಇನ್ನೊಂದು ಬಗೆಯ ಗೀಟು. ಅದಕ್ಕೂ ಕೆಳಗೆ ಅರುವತ್ತನಾಲ್ಕನೆಯ ಒಂದು ಪಾಲಾದ ಕಾಣಿ. ನಾಲ್ಕರಿಂದ ಭಾಗಿಸುತ್ತ ಹೋಗುವ ಈ ಬರಹದಲ್ಲಿ ಹದಿನಾರಾಣೆಯ ರೂಪಾಯಿಯನ್ನು ಕೂಡಿ ಕಳೆಯುವುದು ಅಂಕೆಗಳಲ್ಲಿ ಬರೆಯುವುದಕ್ಕಿಂತ ಬಹಳ ಸುಲಭ. ಗೀಟುಗಳನ್ನು ಎಣಿಸಿದರಾಯಿತು, ನಾಲ್ಕಾದರೆ ಮೇಲಿನ ಸ್ಥಾನಕ್ಕೆ ಒಂದು. ವಿಶೇಷ ಚಿಹ್ನೆಯ ಪಕ್ಷದಲ್ಲಿ ವಾದಿಸುವವರಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಾಗಿಲ್ಲ. ಈ ಚಿಹ್ನೆಯು ಬರಹವನ್ನು ಚಿಕ್ಕದುಮಾಡಿದ್ದಲ್ಲದೆ ಲೆಕ್ಕವನ್ನೇ ಮಾಡಿಕೊಡುತ್ತಿತ್ತು.

೧೯೫೭ನೆಯ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯೇಪೈಸೆಯಾದಾಗ ಆ ಗೀಟುಗಳ ಬುಡವೇ ಅಲುಗಿತು. ಹಿಂದೆಯೇ ಮೆಟ್ರಿಕ್ ತೂಕ ಅಳತೆಗಳು ಬಂದುವು. ಇಂದಿನ ವಿದ್ಯಾರ್ಥಿಗೆ ಕಡತದ ಲೆಕ್ಕವನ್ನು ತೋರಿಸಿದರೆ ಅದನ್ನು ಗೀಚು ಎಂದುಕೊಂಡಾನು. ಆದರೂ ಇಲ್ಲಿ ಒಂದು ಅಂಶವಿದೆ. ಈ ಗೀಟುಗಳು ಸತ್ತುದರಿಂದ ಕನ್ನಡದ ಓದುಬರಹಕ್ಕೆ ಗಾಯವಾಗಲಿಲ್ಲ, ಏಕೆಂದರೆ ಅವು ಎಂದೂ ವರ್ಣಮಾಲೆಯೊಳಗೆ ಸೇರಿರಲಿಲ್ಲ. ಶಾನುಭೋಗರ ಮಕ್ಕಳು ಕಲಿತರು, ಅಂಗಡಿಯವರು ಕಲಿತರು, ಉಳಿದವರು ಕಲಿಯಲಿಲ್ಲ. ೞಕಾರ ಹೋದಾಗ ಮಾತ್ರ ಹಳಗನ್ನಡದ ಪ್ರತಿಯೊಂದು ಪುಟವೂ ಓದುಗನಿಂದ ಒಂದು ಹೆಜ್ಜೆ ದೂರ ಸರಿಯಿತು.

ಈ ಹಳೆಯ ಪ್ರಶ್ನೆಯನ್ನು ಗಣಕಯಂತ್ರವು ನಮ್ಮ ಕಾಲದಲ್ಲಿ ಮತ್ತೆ ಮೇಲೆತ್ತಿದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಸಂಖ್ಯೆಗಳನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಮೀಸಲಾದುದು ೧೨೮ ಮನೆಗಳು. ಮೊದಲಿಗೆ ನಿತ್ಯದ ಅಕ್ಷರಗಳೂ ಅವುಗಳೊಡನೆ ಱ, ೞಗಳೂ ಅಲ್ಲಿ ಕುಳಿತುವು. (ೞಕಾರಕ್ಕೆ ಅಲ್ಲಿ ತಪ್ಪಾಗಿ 'ಫ' ಎಂಬರ್ಥದ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಕೊಟ್ಟು ಸುಮ್ಮನಾಗಬೇಕಾಯಿತು. ಕಲ್ಲಿನ ಮೇಲಿನ ತಪ್ಪಕ್ಷರವನ್ನು ಅಳಿಸಲಾಗದ ರೂವಾರಿಯ ಪಾಡೇ ಇದು.) ೨೦೦೩ರಲ್ಲಿ ಅಕ್ಷರದ ಕೆಳಗಿಡುವ ನುಕ್ತಾ ಬಂದಿತು; ೨೦೦೬ರಲ್ಲಿ ಕೇಶಿರಾಜನು ಕಳೆದಿದ್ದ ಜಿಹ್ವಾಮೂಲೀಯ, ಉಪಧ್ಮಾನೀಯಗಳು ಬಂದುವು; ೨೦೧೮ರಲ್ಲಿ ಶಾಸನಗಳ ಆರಂಭದಲ್ಲಿ ಮಂಗಳಾರ್ಥವಾಗಿ ಬರೆಯುತ್ತಿದ್ದ ಸಿದ್ಧಂ ಚಿಹ್ನೆ ಬಂದಿತು; ೨೦೨೨ರಲ್ಲಿ, ಕನ್ನಡ ಅಕ್ಷರಗಳಲ್ಲಿ ಕೊಂಕಣಿಯನ್ನು ಬರೆಯುವವರಿಗೆ ಬೇಕಾದ ಅನುನಾಸಿಕದ ಗುರುತೊಂದು ಬಂದಿತು. ಶಾನುಭೋಗರ ಗೀಟುಗಳ ಬಗೆಯ ಭಿನ್ನರಾಶಿಯ ಚಿಹ್ನೆಗಳಿಗೆ ಅನೇಕ ಭಾರತೀಯ ಲಿಪಿಗಳಿಗೆ ಸಾಧಾರಣವಾದ ಒಂದು ಪ್ರತ್ಯೇಕ ವಿಭಾಗವನ್ನೇ ೨೦೦೯ರಲ್ಲಿ ತೆರೆದರು. ನಂದಿನಾಗರಿಯು ೨೦೧೯ರಲ್ಲಿ ಸ್ವತಂತ್ರ ಲಿಪಿಯಾಗಿ ಸೇರಿತು.

ತಮಿಳಿನಲ್ಲಿ ಈ ಕಾರ್ಯ ಇಷ್ಟು ಶಾಂತವಾಗಿ ನಡೆಯಲಿಲ್ಲ. ತಮಿಳಿನ ಸಂಕೇತಗಳ ಜೊತೆಗೆ ಗ್ರಂಥಾಕ್ಷರಗಳನ್ನು ಬೆರೆಸಬೇಕೆಂಬ ಸೂಚನೆ ಬಂದಾಗ ೨೦೧೦ರಲ್ಲಿ ತಮಿಳುನಾಡಿನಲ್ಲಿ ತೀವ್ರವಾದ ಆಕ್ಷೇಪಗಳೆದ್ದುವು. ಕಡೆಗೆ ೨೦೧೪ರಲ್ಲಿ ಗ್ರಂಥಕ್ಕೆ ತನ್ನದೇ ಆದ ವಿಭಾಗ ದೊರೆಯಿತು. ಒಂಬೈನೂರು ವರ್ಷಗಳ ಹಿಂದೆ ಚೋಳರ ಲಿಪಿಕಾರರು ಮಾಡಿದ್ದ ತೀರ್ಮಾನವೇ ಮತ್ತೆ ಆಯಿತೆಂದು ಹೇಳಬಹುದು. ಆಕ್ಷೇಪಿಸಿದವರನ್ನು ಸಂಕುಚಿತರೆಂದು ತಳ್ಳಿಹಾಕುವುದು ನ್ಯಾಯವಲ್ಲ. ವರ್ಣಮಾಲೆಯೊಳಗೆ ಸೇರಿದ ಅಕ್ಷರವು ಮಗುವಿನ ಪಾಟಿಯವರೆಗೂ ಬರುತ್ತದೆಂಬ ಅವರ ಭಯಕ್ಕೆ ಚಾರಿತ್ರಿಕವಾದ ಆಧಾರ ಉಂಟು.

ಹಾಗೆಂದು ಹೊಸ ಚಿಹ್ನೆಯೇ ಬೇಡವೆನ್ನುವುದೂ ಸರಿಯಲ್ಲ. ಶಾಸನವೊಂದನ್ನು ಗಣಕಕ್ಕೆ ಏರಿಸುವಾಗ ೞಕಾರವನ್ನು ಳಕಾರವೆಂದೂ ಱಕಾರವನ್ನು ರಕಾರವೆಂದೂ ಬರೆದರೆ ಓದು ಸುಲಭವಾಗಬಹುದು. ಆದರೆ ತೇದಿಯಿಲ್ಲದ ಶಾಸನದ ಕಾಲವನ್ನು ನಿರ್ಣಯಿಸಲು ನಮಗಿರುವ ಮುಖ್ಯವಾದ ಸಾಕ್ಷ್ಯಗಳಲ್ಲೊಂದು ಆ ಕ್ಷಣವೇ ನಾಶವಾಗುತ್ತದೆ. ಮೂಲಕಲ್ಲು ಸವೆದೋ ಗಣಿಯ ಕೆಲಸದಲ್ಲಿ ಸಿಕ್ಕಿಯೋ ಹೋದ ಮೇಲೆ ಉಳಿಯುವುದು ಆ ಪ್ರತಿಯೊಂದೇ. ಹಾಗೆ ಕಳೆದುದನ್ನು ಮತ್ತೆ ಪಡೆಯುವ ಮಾರ್ಗವಿಲ್ಲ. ಇಂಥ ಕಡೆ ವಿಶೇಷ ಚಿಹ್ನೆಯನ್ನು ನಿರಾಕರಿಸುವುದು ಮಿತವ್ಯಯವಲ್ಲ, ನಷ್ಟ.

ಆದಕಾರಣ ಗಣಕಭಾಷೆಯವರ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುವುದು ಉಚಿತ. ಚಿಹ್ನೆಯಿಂದ ಎಷ್ಟು ಜನಕ್ಕೆ ಪ್ರಯೋಜನ ಎಂಬುದಕ್ಕಿಂತ, ಅದು ಬೇಡವಾದವನು ಅದನ್ನು ದಾಟಿ ಮುಂದೆ ಹೋಗಬಲ್ಲನೆ ಎಂದು ಕೇಳಬೇಕು. ನುಕ್ತಾವನ್ನು ಅರಿಯದವನು ಜ಼ಕಾರವನ್ನು ಜಕಾರವೆಂದೇ ಓದಿಕೊಂಡು ಮುಂದುವರಿಯುತ್ತಾನೆ. ಸಿದ್ಧಂ ಚಿಹ್ನೆಯನ್ನು ಬಿಟ್ಟರೂ ಶಾಸನದ ಅರ್ಥ ಕೆಡುವುದಿಲ್ಲ. ೞಕಾರವನ್ನು ಅರಿಯದವನು ಮಾತ್ರ ಪದದ ನಡುವೆಯೇ ನಿಲ್ಲುತ್ತಾನೆ. ಈ ದೃಷ್ಟಿಯಿಂದ ಪೈಥಾನ್ ಭಾಷೆಯವರು ಮಾಡಿದುದು ಜಾಣತನದ ಕೆಲಸವೆಂದು ತೋರುತ್ತದೆ. ಅವರು ಚಿಹ್ನೆಗೆ ಭಾಷೆಯಲ್ಲಿ ಸ್ಥಾನವನ್ನು ಮಾತ್ರ ಕೊಟ್ಟರು. ಭಾಷೆಯಲ್ಲಿ ಹುಟ್ಟಿನಿಂದ ಬಂದ ಯಾವ ಪದಾರ್ಥಕ್ಕೂ ಅದನ್ನು ಅನ್ವಯಿಸಲಿಲ್ಲ. ಅದರ ಅರ್ಥವನ್ನು ಗಣಿತಕಾರ್ಯಕ್ಕಾಗಿ ಬೇರೆಯಾಗಿ ರಚಿತವಾದ ಲೈಬ್ರರಿಗಳಿಗೆ ಬಿಟ್ಟರು. ಅಂಕೆಗಳ ಕೋಷ್ಟಕವನ್ನು 'ಅಟ್' ಚಿಹ್ನೆಯಿಂದ ಗುಣಿಸುವವನು ಆ ಲೈಬ್ರರಿಯನ್ನು ತಾನೇ ಕರೆಸಿಕೊಂಡಿರುತ್ತಾನೆ; ಉಳಿದವರ ಕಣ್ಣಿಗೆ ಆ ಅರ್ಥ ಬೀಳುವುದೇ ಇಲ್ಲ.

ಇದಕ್ಕೆ ಹೋಲಿಸಿದರೆ ಕೆನೆತ್ ಐವರ್ಸನ್ ೧೯೬೨ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ ಎ.ಪಿ.ಎಲ್. ಎಂಬ ಭಾಷೆಯ ಕಥೆ ಬೋಧಪ್ರದವಾಗಿದೆ. ಅದರಲ್ಲಿ ಪ್ರತಿಯೊಂದು ಕ್ರಿಯೆಗೂ ವಿಲಕ್ಷಣವಾದ ಚಿಹ್ನೆ; ಪುಟಗಟ್ಟಲೆಯ ಲೆಕ್ಕ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಅದನ್ನು ಅಚ್ಚುಮಾಡಲು ವಿಶೇಷವಾದ ಅಕ್ಷರಗುಂಡು, ಒತ್ತಲು ವಿಶೇಷವಾದ ಕೀಲಿಮಣೆ ಬೇಕಾಗಿತ್ತು. ಶಾನುಭೋಗರ ಗೀಟುಗಳಂತೆ, ಬಲ್ಲವರಿಗೆ ಅದು ಕೇವಲ ಬರಹವಲ್ಲ, ಯೋಚನೆಯ ಸಾಧನ. ಆದರೂ ೧೯೯೦ರಲ್ಲಿ ಅದೇ ಐವರ್ಸನ್ನರು ರೋಜರ್ ಹುಯಿ ಅವರೊಡನೆ 'ಜೆ' ಎಂಬ ಹೊಸ ಭಾಷೆಯನ್ನು ರೂಪಿಸಿದಾಗ ಆ ಚಿಹ್ನೆಗಳನ್ನೆಲ್ಲ ಬಿಟ್ಟು, ಎಲ್ಲ ಕೀಲಿಮಣೆಗಳಲ್ಲಿಯೂ ಇರುವ ಗುರುತುಗಳನ್ನು ಚುಕ್ಕೆಗಳೊಡನೆ ಸೇರಿಸಿ ಬಳಸಿದರು. ಇರುವ ಅಕ್ಷರಗಳನ್ನೇ ಹೊಸ ಕ್ರಮದಲ್ಲಿ ಜೋಡಿಸುವ ಪುಷ್ಕರಿಣಿಯ ಕಲ್ಲುಕುಟಿಗರ ಮಾರ್ಗಕ್ಕೇ ಅವರು ಬಂದರೆನ್ನಬಹುದು. ಆದರೆ ಸುಲಭವಾಗಿ ಒತ್ತಬಹುದಾದುದೆಲ್ಲ ಸುಲಭವಾಗಿ ಓದಬಹುದಾದುದಲ್ಲ, ಹಳೆಯ ಎ.ಪಿ.ಎಲ್. ಚಿಹ್ನೆಗಳನ್ನೇ ಮೆಚ್ಚುವವರು ಇಂದಿಗೂ ಇದ್ದಾರೆ, ಅವರ ಮೆಚ್ಚಿಗೆ ನಿರಾಧಾರವಲ್ಲ.

ವಿಜಯನಗರದ ಒಂದು ತಾಮ್ರಪಟವನ್ನು ಇಂದು ಗಣಕಕ್ಕೆ ಏರಿಸುವ ವಿದ್ಯಾರ್ಥಿಯು ಶ್ಲೋಕಗಳನ್ನು ನಂದಿನಾಗರಿಯ ವಿಭಾಗದಿಂದ ಆಯ್ದು ಬರೆದು, ಕಡೆಯ ಸಾಲಿಗೆ ಬಂದಾಗ ಕನ್ನಡದ ವಿಭಾಗಕ್ಕೆ ದಾಟಿ 'ಶ್ರೀ ವಿರೂಪಾಕ್ಷ' ಎಂದು ಒತ್ತಬೇಕಾಗುತ್ತದೆ. ಪಟವನ್ನು ಕೊರೆದವನು ಲಿಪಿಯನ್ನು ಬದಲಿಸಿದ ಸ್ಥಳವೂ ಅದೇ. ಆ ಗೆರೆಯನ್ನು ನಮ್ಮ ಅಚ್ಚಿನ ಪ್ರತಿಗಳಲ್ಲಿ ಎಲ್ಲವನ್ನೂ ಒಂದೇ ಲಿಪಿಗೆ ಇಳಿಸಿ ಅಳಿಸಿಬಿಡುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ೨೦೧೯ರ ಅನಂತರ ಹಾಗೆ ಅಳಿಸಬೇಕಾದ ನಿರ್ಬಂಧವಿಲ್ಲ.